ಅಪ್ಪಯ್ಯ ಮತ್ತು ಪಕ್ಕದ ಮನೆಯ ಎಂಜಿನ್

ಪರರ ಕಾರನ್ನು ಕಂಡು ಹೊಟ್ಟೆಕಿಚ್ಚು ಪಡುವುದು ಲೋಕರೂಢಿ. ಹೊಸ ಕಾರೊಂದು ಪಕ್ಕದ ಅಂಗಳಕ್ಕೆ ಬಂದರೆ ಎಂಥ ಸಾತ್ವಿಕನ ಎದೆಯಲ್ಲೂ ಒಂದು ಬಗೆಯ ಉರಿ ಏಳುತ್ತದೆ. ಅದಕ್ಕೆ ವೈದ್ಯರ ಅಗತ್ಯವಿಲ್ಲ. ಆದರೆ ಸ್ವಂತ ಬಲದಿಂದ ಅಲುಗಾಡಲೂ ಆರದ, ಕೋಳಿಗಳು ಮೊಟ್ಟೆಯಿಡುತ್ತಿದ್ದ ಹಳೆಯ ಅಂಬಾಸಿಡರ್ ಒಂದನ್ನು ಕಂಡು ಕರುಬಿದವನು ತೆಕ್ಕಟ್ಟೆಯಲ್ಲಿ ನಾನೊಬ್ಬನೇ ಇರಬೇಕೆಂದು ಭಾವಿಸುತ್ತೇನೆ. ವಾಣಿಜ್ಯಶಾಸ್ತ್ರದ ಉಪನ್ಯಾಸಕನಾದವನು ಹೀಗೆ ಬರೆದುಕೊಳ್ಳುವುದು ಉಚಿತವೇ ಎಂದು ಸಾಕಷ್ಟು ಯೋಚಿಸಿಯೇ ಬರೆಯುತ್ತಿದ್ದೇನೆ.

ಕಾರು ನೆರೆಮನೆಯ ಶಂಕರನದು. ಮುಂಬಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದ ಅವನು ಅದನ್ನು ಎಲ್ಲಿಂದಲೋ ಎಳೆಸಿ ತಂದು ಹಲಸಿನ ಮರದಡಿ ನಿಲ್ಲಿಸಿದ. ಅಂದಿನಿಂದ ನನ್ನ ಅಪ್ಪಯ್ಯ ನಮ್ಮ ಮನೆಯವರಾಗಿ ಉಳಿಯಲಿಲ್ಲ. ಅವರು ಬೈಂದೂರು, ಕುಂದಾಪುರ ಎಂದು ಅಂಥದೇ ಕಾರನ್ನು ಬಾಡಿಗೆಗೆ ಓಡಿಸಿ ನನ್ನನ್ನು ಓದಿಸಿದವರು. ಮನೆತನದ ಮೊದಲ ಪದವೀಧರನಾದ ನನ್ನೊಡನೆ ಅವರ ಮಾತು ಊಟ ಆಯಿತೇ ಎಂಬಲ್ಲಿಗೆ ಮುಗಿಯುತ್ತದೆ. ಅಷ್ಟು ಗೌರವ. ಗೌರವವಿರುವಲ್ಲಿ ಹರಟೆ ಹುಟ್ಟುವುದಿಲ್ಲ. ಅದೇ ಅಪ್ಪಯ್ಯ ಬೇಲಿಯಾಚೆ ಕ್ಲಚ್ಚು, ಗೇರು ಎಂದು ಗಂಟಲು ಕಟ್ಟುವವರೆಗೆ ಮಾತನಾಡುತ್ತಿದ್ದರು. ನಾನೆಂದೂ ಕೇಳದ ನಗು ನಗುತ್ತಿದ್ದರು.

“ಮಾವಯ್ಯ ಇವತ್ತ್ ಊಟಕ್ಕೂ ಅಲ್ಲೇ ಅಂಬ್ರ್,” ಎಂದಳು ಹೆಂಡತಿ. “ನಿಮ್ಮ್ ಮೋರೆ ಎಂತಕ್ಕೆ ಹಂಗಾಯ್ತ್?”

“ಬಿಸಿಲಿನ ಪರಿಣಾಮ,” ಎಂದೆ.

“ಚಾವಡಿ ಒಳ್ಗೆ ಎಂತ ಬಿಸ್ಲ್?”

ಒಂದು ಭಾನುವಾರ ಸಂಜೆ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಒಟ್ಟಿಗೆ ಎತ್ತಿ ತೆಗೆಯುವುದೆಂದು ನಿಶ್ಚಯವಾಯಿತು. ನಾನೂ ಹೋದೆ. ಮೊದಲು ಗಣಪತಿಗೆ ಕಾಯಿ ಒಡೆಯುವುದಿತ್ತಾದ್ದರಿಂದ ಇಸ್ತ್ರಿ ಮಾಡಿದ ಬಿಳಿ ಅಂಗಿಯನ್ನೇ ಧರಿಸಿದ್ದೆ. ಕಾಯಿ, ಆರತಿ ಎನ್ನುವಷ್ಟರಲ್ಲಿ ಹೊತ್ತು ಮೀರಿತು. “ರಾಹುಕಾಲ ಬಪ್ಪುದ್ರೊಳ್ಗೆ ಎತ್ಕ್! ಬೇಗ, ಬೇಗ!” ಎಂದು ಅಪ್ಪಯ್ಯ ಗಡಿಬಿಡಿ ಎಬ್ಬಿಸಿದರು. ಬಾನೆಟ್ಟನ್ನೂ ರೇಡಿಯೇಟರನ್ನೂ ಮೊದಲೇ ಕಳಚಿಟ್ಟಿದ್ದರು. ಹಿಂದಿನ ಚಕ್ರಗಳನ್ನು ತಿರುಗಿಸುವ ಉದ್ದನೆಯ ಶಾಫ್ಟನ್ನು ಗೇರ್‌ಬಾಕ್ಸಿನ ಬಾಲದಿಂದ ಈಗ ಎಳೆದು ತೆಗೆದರು. ಶಂಕರ ಹಲಸಿನ ಕೊಂಬೆಗೆ ಕಟ್ಟಿದ್ದ ರಾಟೆಯ ಸರಪಳಿಯನ್ನು ಜಗ್ಗತೊಡಗಿದ. ಎಂಜಿನ್ನೂ ಗೇರ್‌ಬಾಕ್ಸೂ ಒಂದಾಗಿ ಕಾರಿನಿಂದ ಮೇಲೆದ್ದು ತೂಗಾಡಿದವು.

“ಹ್ವಾಯ್ ಮಾಷ್ಟ್ರೇ, ನೀವ್ ದೂರ ನಿಲ್ಲಿ. ಅಂಗಿ ಹಾಳಾತ್ತ್!” ಎಂದ.

ನನ್ನ ತಂದೆಯ ಎದುರಿನಲ್ಲಿ ನನ್ನನ್ನೇ ದೂರ ನಿಲ್ಲಿಸಲು ಇವನಾರು? ನಾನು ನೇರವಾಗಿ ಹೋಗಿ, ತೂಗಾಡುತ್ತಿದ್ದ ಗೇರ್‌ಬಾಕ್ಸಿನ ಬಾಲದಡಿ ಬಗ್ಗಿ ಹೆಗಲು ಕೊಟ್ಟೆ. ಎಂಜಿನ್ ಮೂತಿಯನ್ನು ಮೇಲೆತ್ತಿತು, ಬಾಲ ಕೆಳಗಾಯಿತು. ರಾಹುವಿನ ಭಯದಲ್ಲಿ ಗೇರ್‌ಬಾಕ್ಸಿನ ಎಣ್ಣೆ ಇಳಿಸುವುದನ್ನು ಅಪ್ಪಯ್ಯನೂ ಮರೆತಿದ್ದರು, ಶಂಕರನೂ ಮರೆತಿದ್ದ. ಶಾಫ್ಟು ಬಿಚ್ಚಿದ ತೂತಿನಿಂದ ಆ ಕಪ್ಪು ಎಣ್ಣೆ ನನ್ನ ನೆತ್ತಿಗೆ ಧಾರೆಯಾಗಿ ಇಳಿಯಿತು. ದೀಪಾವಳಿಗೆ ಇನ್ನೂ ಬಹಳ ದಿನಗಳಿದ್ದವು.

“ಅಯ್ಯೋ ಮಗಾ!” ಅಪ್ಪಯ್ಯ ಓಡಿಬಂದು ನನ್ನನ್ನು ಪಕ್ಕಕ್ಕೆಳೆದು, ಹೆಗಲ ಮೇಲಿನ ಬೈರಾಸಿನಿಂದ ತಲೆ ಉಜ್ಜತೊಡಗಿದರು. “ಕಣ್ಣ್ ಮುಚ್ಕೋ. ಬಾಯೂ ಮುಚ್ಕೋ. ಇಷ್ಟ್ ಓದಿ ಬಾಲದಡಿಗ್ ಹೋಪುದಾ, ಮಂಗ!”

ಪದವಿ ದೊರೆತ ಮೇಲೆ ಮನೆಯಲ್ಲಿ ಯಾರೂ ನನ್ನನ್ನು ಮಂಗ ಎಂದಿರಲಿಲ್ಲ. ಕಣ್ಣು ತುಂಬಿತು, ಎಣ್ಣೆಯ ಉರಿಯೆಂದು ಎಲ್ಲರೂ ತಿಳಿದರು.

ಸರಪಳಿ ಹಿಡಿದೇ ನಿಂತಿದ್ದ ಶಂಕರ ಕೂಗಿದ: “ಮಾವಾ, ಎಂಜಿನ್ ತೂಂಗ್ತಿತ್ತ್! ಇಳ್ಸುಕೆ ಬನ್ನಿ ಮಾರಾಯ್ರೆ!”

“ತಡಿ ಮಾರಾಯ! ನಂಗ್ ಮಗ ದೊಡ್ಡದಾ, ನಿನ್ನ್ ಎಂಜಿನ್ ದೊಡ್ಡದಾ?”

ಶಂಕರನ ಮುಖದಲ್ಲಿ ಮೂಡಿದ ಬಣ್ಣವನ್ನು ಗುರುತಿಸಲು ನನಗೆ ಕಷ್ಟವಾಗಲಿಲ್ಲ. ಅಷ್ಟು ಕಾಲ ಅದು ನನ್ನ ಮುಖದಲ್ಲೇ ವಾಸವಾಗಿತ್ತು. ಅವನ ತಂದೆ ತೀರಿಹೋಗಿದ್ದಾರೆ, ಹೀಗೆ ಬೈದು ಉಜ್ಜಲು ಅವನಿಗೆ ಯಾರೂ ಇಲ್ಲ ಎಂಬುದೂ ನನಗೆ ತಿಳಿದಿತ್ತು. ವಿದ್ಯಾವಂತನಾದವನು ಆಗ ಅಪ್ಪಯ್ಯನನ್ನು ಅವನತ್ತ ಕಳುಹಿಸಿಕೊಡಬೇಕಿತ್ತು.

“ಕಿವಿ ಹಿಂದೆ ಇನ್ನೂ ಇತ್ತ್ ಅಪ್ಪಯ್ಯ,” ಎಂದೆ ನಾನು. ಅಲ್ಲಿ ಒಂದು ಹನಿಯೂ ಇರಲಿಲ್ಲ.