ಬಾಳಕೃಷ್ಣರಾಯರ ರೋಮನ್ ದರ್ಶನ

"ಸಮುದ್ರ ದಾಟಿದ್ದಕ್ಕೆ ಪ್ರಾಯಶ್ಚಿತ್ತವೇ? ಪ್ರಾಣ ಹೋದರೂ ಪಂಚಗವ್ಯ ಕುಡಿಯೆ!" ಎಂದು ಬಾಳಕೃಷ್ಣರಾಯರು ಸದಾಶಿವ ಪೇಠೆಯ ತಮ್ಮ ವಾಡೆಮನೆಯ ಅಂಗಳದಲ್ಲಿ ನಿಂತು ಭೀಷ್ಮಪ್ರತಿಜ್ಞೆ ಮಾಡಿದರು. ಯುದ್ಧ ಮುಗಿಸಿ ಬಂದ ಮಿಲಿಟರಿ ಕಾರಕೂನರು ಅವರು. ಲಿಬಿಯಾದ ಕಡಲ ದಂಡೆಯ ಲೆಪ್ಟಿಸ್ ಪಟ್ಟಣದಲ್ಲಿ ಎರಡು ಸಾವಿರ ವರ್ಷದ ರೋಮನ್ ಅವಶೇಷಗಳನ್ನು ಕಣ್ಣಾರೆ ಕಂಡ ವಿಚಾರವಂತರು ಬೇರೆ.

ನೂಲಿನಂತೆ ಸೀರೆ ಅಂತಾರಲ್ಲ, ಹಟದಲ್ಲಿ ತಾಯಿ ಗಂಗೂಬಾಯಿ ಮಗನಿಗೆ ಸರಿಜೋಡಿ. "ಕುಡಿಯೂತನಕ ಒಳಗ ಪಂಕ್ತಿಗೆ ಬರಬ್ಯಾಡ," ಎಂದರು. ರಾಯರಿಗೆ ಪಡಸಾಲೆಯಲ್ಲಿ ಎಲೆ ಬಿತ್ತು. ನಾಲ್ಕು ವರ್ಷ ಮರಳುಗಾಡಿನಲ್ಲಿ ಡಬ್ಬಿ ಊಟ ಉಂಡು, ಅವ್ವನ ಕೈರೊಟ್ಟಿ ನೆನೆದು ನೆನೆದು ಬಂದವರು, ಈಗ ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತ ಹೊರಗೆ ಒಬ್ಬರೇ ಕೂತರು. ಒಳಗೆ ಅವ್ವನಿಗೂ ತುತ್ತು ಇಳಿಯುತ್ತಿರಲಿಲ್ಲ.

ಹದಿನೈದನೆಯ ದಿನ ದಂಡಿನ ಗೆಳೆಯ ಮೋಹನದಾಸ್ ಟಪಾಲಿನಲ್ಲಿ ಒಂದು ಫೋಟೋ ಕಳಿಸಿದ. ರಾಯರು ನೋಡುವ ಮುಂಚೆಯೇ ಅದು ಗಂಗೂಬಾಯಿಯ ಕೈ ಸೇರಿತು. ಉದ್ದನೆಯ ಅಮೃತಶಿಲೆಯ ಕಟ್ಟೆ, ಅದರ ತುಂಬ ಸಾಲಾಗಿ ದುಂಡನೆಯ ತೂತು. ಮುಂದೆ ಬೂಟು ಬಿಚ್ಚಿಟ್ಟು, ಟೊಪ್ಪಿಗೆ ಕಂಕುಳಲ್ಲಿಟ್ಟು, ಬರಿಗಾಲಲ್ಲಿ ಕೈ ಮುಗಿದು ನಿಂತ ವಿಚಾರವಂತರು!

"ಇದೇನೋ ಬಾಳ್ಯಾ, ಗುಡಿಯೇನು?"

"ಹೂಂ... ಗುಡೀ ಅಂತ ತಿಳದು..."

"ಈ ತೂತು?"

"ಮೂರ್ತಿ ಕಿತ್ತ ಪೀಠ ಅನಕೊಂಡೆ. ಆಮ್ಯಾಲ..."

ಅವ್ವನ ಕಣ್ಣು ತುಂಬಿತ್ತು. "ಪರದೇಶದಾಗೂ ಹಾಳಬಿದ್ದ ದೇವರಿಗೆ ಬೂಟು ಕಳದು ಕೈ ಮುಗದೀಯಲ್ಲೋ! ನಿನಗ್ಯಾತರ ಪ್ರಾಯಶ್ಚಿತ್ತ? ಏಳು, ಒಳಗ ಬಾ."

ಫೋಟೋ ದೇವರ ಗೂಡು ಸೇರಿತು. ಮೇಲೊಂದು ದಾಸವಾಳವೂ ಏರಿತು. ರಾಯರ ಎಲೆಗೆ ಬಿಸಿ ರೊಟ್ಟಿ, ಅದರ ಮೇಲೆ ಬೆಣ್ಣೆ. ತುತ್ತು ಬಾಯಿ ಮುಟ್ಟುವ ಮುನ್ನ, ಇಂಗ್ಲಿಷ್ ಶಾಲೆ ಕಲಿತ ಹೆಂಡತಿ ಭಾಮಾ ಚಟ್ನಿ ಬಡಿಸುವ ನೆವದಲ್ಲಿ ಬಗ್ಗಿದಳು.

"ಅಲ್ರೀ, ಫೋಟೋದ ಹಿಂದ ನಿಮ್ಮ ಗೆಳೆಯಾರು ಇಂಗ್ಲಿಷಿನಾಗ ಬರದಾರ. 'ರೋಮನ್ನರ ಸಾರ್ವಜನಿಕ ಪಾಯಖಾನೆಯ ಮುಂದೆ ನಮ್ಮ ರಾಯರು' ಅಂತ. ಅತ್ತಿಯವರಿಗೆ ಓದಿ ಹೇಳ್ಲೇನು?"

ರಾಯರು ಗೂಡಿನತ್ತ ನೋಡಿದರು. ಕುಲದೇವರು ವೆಂಕಪ್ಪ, ಪಕ್ಕದಲ್ಲೇ ಆ ತೂತುಗಳು, ಎದುರಿಗೆ ಭಕ್ತಿಯಿಂದ ಕೈ ಮುಗಿದ ಅವ್ವ. ಭೀಷ್ಮರು ತುತ್ತು ಕೆಳಗಿಟ್ಟರು.

"ಅವ್ವಾ, ಆ ಫೋಟೋ ನನ್ನ ಕಡೆ ಕೊಡು. ಪಂಚಗವ್ಯನೂ ಕೊಡು."

"ಈಗ್ಯಾಕೋ ಅದು?"

"ಇರಲಿ. ನಿನ್ನ ಸಮಾಧಾನಕ್ಕ."

"ಎರಡು ಉದ್ಧರಣಿ ಹಾಕ್ರಿ, ಅತ್ತಿಯವರ," ಎಂದಳು ಭಾಮಾ, ಬಾಯಿಗೆ ಸೆರಗು ಒತ್ತಿಕೊಂಡು.