ಹೊಳೆ ದಾಟದ ಗುಳಿಗೆ

ನಮ್ಮ ಆಯಿಯ ಪ್ರಕಾರ ಮೆಡಿಕಲ್ ಸೈನ್ಸಿನಲ್ಲಿ ಒಂದೇ ಒಂದು ಕೊರತೆಯಿತ್ತು: ಅದನ್ನು ಮಾಡುವಾಗ ಯಾರೂ ಆಯಿಯನ್ನು ಕೇಳಿರಲಿಲ್ಲ! ಪಾಪ, ಆ ಕೊರತೆಯನ್ನು ಆಕೆ ಆರೇ ತಿಂಗಳಲ್ಲಿ ತುಂಬಿಕೊಟ್ಟಳು.

ಆಯಿ ಎಂದರೆ ನನ್ನ ಅಜ್ಜಿಯಲ್ಲ. ನನಗಿಂತ ಎರಡು ವರ್ಷ ದೊಡ್ಡವಳೋ ಚಿಕ್ಕವಳೋ, ಇಬ್ಬರಿಗೂ ಗೊತ್ತಿಲ್ಲ. ಊರೆಲ್ಲ ಆಯಿ ಅನ್ನುತ್ತದೆ, ನಾನೂ ಅನ್ನುತ್ತೇನೆ. ಘಟಪ್ರಭೆಯ ಆಚೆ ದಂಡೆಯಲ್ಲಿ, ಘೋಡಗೇರಿಯ ಕಡೆ, ಬೇಡರ ಓಣಿಯಲ್ಲಿ ಅವಳ ಮನೆ. ಈಚೆ ದಂಡೆಯಲ್ಲಿ ನನ್ನದು. ಅವಳ ಹಿರಿಯರು ಗುಡ್ಡದಲ್ಲಿ ಬೇಟೆಯಾಡಿದವರು. ಬೇಟೆ ಎಂದೋ ಹೋಯಿತು, ಬೇರಿನ ವಿದ್ಯೆ ಮಾತ್ರ ಆಯಿಯ ಸೊಂಟದ ಚೀಲದಲ್ಲಿ ಉಳಿಯಿತು. ಬೇರು ಅಗೆಯುವ ಹಿಂದಿನ ದಿನವೇ ಗಿಡದ ಹತ್ತಿರ ಹೋಗಿ, "ನಾಳೆ ಬರತೇನಿ, ಇಂಥಾವ್ರಿಗೆ ಬೇಕಾಗೇತಿ" ಎಂದು ಹೇಳಿ ಬರುತ್ತಾಳೆ. ಅಪಾಯಿಂಟ್‌ಮೆಂಟ್! ದೊಡ್ಡ ದೊಡ್ಡ ಡಾಕ್ಟರುಗಳು ಪೇಶೆಂಟಿಗೆ ಕೊಡದ ಮರ್ಯಾದೆಯನ್ನು ಈಕೆ ಗಿಡಕ್ಕೆ ಕೊಡುತ್ತಾಳೆ.

ಅಂಥವಳಿಗೇ ಕೆಮ್ಮು ಹತ್ತಿತು. ಚೀಲದ ಬೇರುಗಳೆಲ್ಲ ಸೋತವು, ಮೈ ಕಡ್ಡಿಯಾಯಿತು. ಕೊನೆಗೆ ಅವರ ಓಣಿಯ ಆಶಾ ಕಾರ್ಯಕರ್ತೆ ಹುಡುಗಿ ಅವಳನ್ನು ಈಚೆ ದಂಡೆಯ ದವಾಖಾನೆಗೆ ಕರೆತಂದಳು. ಧೈರ್ಯಕ್ಕೆ ನಾನೂ ಹೋದೆ. ಟಿಬಿ ಎಂದರು. ಆರು ತಿಂಗಳು ದಿನಾ ಗುಳಿಗೆ, ಒಂದು ದಿನವೂ ತಪ್ಪುವಂತಿಲ್ಲ ಎಂದರು. ಆಯಿ ಗುಳಿಗೆಯ ಸ್ಟ್ರಿಪ್ಪನ್ನು ಬೆಳಕಿಗೆ ಹಿಡಿದಳು.

"ಇದು ಯಾವ ಗಿಡದ್ದರಿ, ಸಾಹೇಬ್ರ?"

"ಗಿಡದ್ದಲ್ಲ ಆಯಿ, ಫ್ಯಾಕ್ಟರಿದು."

"ಕೇಳಿ ತಂದೀರೋ, ಹಂಗಽ ಕಿತ್ಗೊಂಡ ಬಂದೀರೋ?"

ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆಯ ಪೋಸ್ಟರ್ ನೋಡಿದೆ.

"ಕೇಳೇ ತಂದೇವಿ ಆಯಿ, ಸರಕಾರ ಕೊಟ್ಟೈತಿ."

"ಹಂಗಾರ ಹತ್ತತೈತಿ. ಆದ್ರ ನಾ ಮನಿಗೆ ಒಯ್ಯಾಂಗಿಲ್ಲ."

ಯಾಕೆ? ಔಷಧಿ ಹೊಳೆ ದಾಟಬಾರದು! ದಾಟಿದರೆ ಅದರ ಗುಣ ನೀರಿಗೆ ಬೀಳುತ್ತದೆ. ಹೀಗಾಗಿ ಆರು ತಿಂಗಳ ಗುಳಿಗೆ ನನ್ನ ಮನೆಯ ಕಪಾಟಿನಲ್ಲಿ, ನನ್ನ ಬಿಸ್ಕೀಟ್ ಡಬ್ಬಿಯ ಪಕ್ಕ ಬಂದು ಕೂತವು.

ಅಂದಿನಿಂದ ದಿನಾ ಬೆಳಿಗ್ಗೆ ಮಂಜು ಹರಿಯುವ ಹೊತ್ತಿಗೆ ತಗ್ಗಿನ ಸೇತುವೆಯ ಮೇಲೆ ಒಂದು ಕೆಂಪು ಸೀರೆ ತೇಲಿ ಬರುತ್ತಿತ್ತು. ಕಾಲು ಕಾಣುತ್ತಿರಲಿಲ್ಲ, ನೀರಿನ ಮೇಲೇ ನಡೆದು ಬಂದಂತೆ. ಕನಸೋ ಏನೋ ಎಂದು ನಾನು ಕಣ್ಣುಜ್ಜುವಷ್ಟರಲ್ಲಿ ಕೆಮ್ಮು ಕೇಳಿಸುತ್ತಿತ್ತು. ಸರಿ, ಆಯಿಯೇ!

ನುಂಗುವುದಕ್ಕೂ ಒಂದು ಕ್ರಮ. ಗುಳಿಗೆಗಳನ್ನು ಎದೆಯ ಹತ್ತಿರ ಹಿಡಿದು ಒಮ್ಮೆ ಕೆಮ್ಮುತ್ತಾಳೆ. "ಕೇಳಿದ್ರಿಲ್ಲ? ಇದಽ. ಹುಡುಕ್ರಿ ಹೋಗ್ರಿ!" ಆಮೇಲೆ ನೀರು. ಬೇಟೆನಾಯಿ ಬಿಡುವ ಮುಂಚೆ ವಾಸನೆ ತೋರಿಸಬೇಡವೇ? ಆ ಗುಳಿಗೆಯಿಂದ ಮೂತ್ರ ಕೆಂಪಾಗುತ್ತದೆ, ಹೆದರಬೇಡಿ ಎಂದು ಡಾಕ್ಟರು ಹೇಳಿದ್ದರು. ಹೆದರುವುದೇ? ಮರುದಿನ ಗೇಟಿನಿಂದಲೇ ನನ್ನನ್ನು ಕೂಗಿದಳು: "ಬಾಯಾರ! ನಾಯಿಗೋಳು ಬ್ಯಾಟಿ ಹಿಡದಾವ್ರಿ! ಕೆಂಪಗ ಬಿದ್ದೈತಿ!"

"ಆಯಿ, ಪ್ಲೀಸ್! ಬಾಜೂ ಮನಿಯವ್ರು ನಾಷ್ಟಾ ಮಾಡಾಕತ್ತಾರ!"

ಗುಳಿಗೆ ಇಳಿದ ಮೇಲೆ ಚಹಾ, ಚಹಾದ ಮೇಲೆ ನನ್ನ ಮಾತು. ನಲವತ್ತು ವರ್ಷ ಇಂಗ್ಲಿಷ್ ಟೀಚರಾಗಿದ್ದವಳು ನಾನು. ನನ್ನ ಕಾನ್ವೆಂಟು, ಪಿಯಾನೋ, ನನ್ನನ್ನು ಮದುವೆಯಾಗಬೇಕಿದ್ದವನು, ಆಗದೇ ಹೋದದ್ದು, ಎಲ್ಲ ಹೇಳುತ್ತಿದ್ದೆ. ಆಯಿ ಕಣ್ಣು ಮುಚ್ಚಿ ಕೇಳಿ, ಕಡೆಗೆ ನಿಟ್ಟುಸಿರು ಬಿಡುತ್ತಿದ್ದಳು. "ಎಲ್ಲಾದಕ್ಕೂ ಬೇರ ಐತ್ರಿ ಬಾಯಾರ. ನಿಮ್ಮ ಬಾಯಿಗೆ ಇಲ್ಲ."

ಒಮ್ಮೆ ಕೇಳಿದೆ: "ಔಷಧಿ ಹೊಳಿ ದಾಟಸಾಕ ಬರೂದಽ ಇಲ್ಲೇನ ಆಯಿ?"

"ಬರತೈತಿ. ಒಯ್ಯಾವ್ರು ಮನಿ ಬಿಟ್ಟಿಂದ ಒಂದ ಮಾತ ಆಡಬಾರದ್ರಿ. ಕೊಡೂ ಮುಂದ ಮೊದಲ್ನೇ ಮಾತು ಜಡ್ಡಾದವ್ರ ಹೆಸರಽ ಆಗಬೇಕು. ಇಲ್ಲಾಂದ್ರ ಔಷಧಿಗೆ ಯಾರ ಮೈಯಾಗ ಹೋಗೂದು ಅಂತ ತಿಳ್ಯಾಂಗಿಲ್ಲ." ಆಮೇಲೆ ನನ್ನನ್ನು ನೋಡಿ ನಕ್ಕಳು. "ಅದು ನಿಮ್ಮಿಂದ ಆಗೂದಲ್ಲ ಬಿಡ್ರಿ!"

ಐದನೆಯ ತಿಂಗಳಿಗೆ ಮಳೆ ಬಂತು. ಹಿಡಕಲ್ ಅಣೆಕಟ್ಟಿನಿಂದ ನೀರು ಬಿಟ್ಟರು, ತಗ್ಗಿನ ಸೇತುವೆ ಮುಳುಗಿತು. ಬೆಳಿಗ್ಗೆ ಕೆಂಪು ಸೀರೆಯಿಲ್ಲ, ಬರೀ ಕೆಂಪು ನೀರು. ಸುತ್ತಿ ಬರುವ ಬಸ್ಸುಂಟು. ಆದರೆ ಬಸ್ಸು ಹತ್ತಿದರೆ ಆಯಿಗೆ ವಾಂತಿ. ನುಂಗಿದ್ದು ಮರಳುವ ದಾರಿಯಲ್ಲೇ ಹೊರಗೆ! ಆಶಾ ಹುಡುಗಿಯ ಫೋನಿಗೆ ಮಾಡಿದೆ. ಯಾರ ಕೈಯಲ್ಲಾದರೂ ಕಳಿಸುತ್ತೇನೆ ಎಂದರೆ ಆಯಿ ಒಪ್ಪಲಿಲ್ಲ.

"ಬ್ಯಾಡ್ರಿ, ಮಾತಾಡ್ತಾರ. ನೀರ ಇಳದಿಂದ ತಗೋತೇನಿ."

"ಯಾವಾಗ ಇಳೀತೈತಿ?"

"ಅದು ಹೊಳಿ ಮನಸ್ಸು."

ಹುಡುಗಿ ಫೋನು ಕಸಿದುಕೊಂಡಳು. "ಮಿಸ್, ನಡುವ ಬಿಟ್ರ ಜಡ್ಡು ಹೊಳ್ಳಿ ಬರತೈತ್ರಿ. ಆಮ್ಯಾಲ ಈ ಗುಳಿಗಿ ಕೇಳಾಂಗಿಲ್ರಿ."

ಚೀಲದಲ್ಲಿ ಗುಳಿಗೆ ಹಾಕಿಕೊಂಡು, ತುಟಿ ಹೊಲಿದುಕೊಂಡು ಹೊರಟೆ. ದಾರಿಯಲ್ಲಿ ಮಾತಾಡಿ, ಇಲ್ಲವೆಂದು ಹೇಳಬಹುದಿತ್ತಲ್ಲ ಎನ್ನುತ್ತೀರಾ? ಕಾನ್ವೆಂಟಿನ ಸಿಸ್ಟರುಗಳು ನನಗೆ ಗಟ್ಟಿಯಾಗಿ ಕಲಿಸಿದ್ದು ಎರಡೇ: ಫೋರ್ಕು ಎಡಗೈಯಲ್ಲಿ, ಸುಳ್ಳು ಯಾವ ಕೈಯಲ್ಲೂ ಬೇಡ.

ಬಸ್ಸಿನಲ್ಲಿ ಕಂಡಕ್ಟರು, "ಎಲ್ಲಿಗ್ರಿ ಅಜ್ಜಿಯಾರ?" ಎಂದ. ನಾನು ಕಿಟಕಿಯ ಹೊರಗೆ ಬೆರಳು ತೋರಿಸಿದೆ. "ಅದು ಕಬ್ಬಿನ ಹೊಲಾರಿ." ಗುಳಿಗೆಯ ಕವರಿನ ಹಿಂದೆ ಊರಿನ ಹೆಸರು ಬರೆದು ಕೊಟ್ಟೆ. "ಪಾಪ, ಮಾತ ಬರೂದಿಲ್ಲ" ಎಂದು ಮುಂದಿನ ಸೀಟಿನಾಕೆ ನನಗೆ ಪೇರಲಹಣ್ಣು ಕೊಟ್ಟಳು. ಥ್ಯಾಂಕ್ಯೂ ಎನ್ನಲಾಗದೆ ನನ್ನ ಪ್ರಾಣವೇ ಹೋಯಿತು! ಅಷ್ಟರಲ್ಲಿ ಅರಭಾವಿಯ ಕಾಲೇಜಿನಲ್ಲಿ ಕೆಲಸ ಮಾಡುವ ನನ್ನ ಹಳೆಯ ಸ್ಟೂಡೆಂಟ್ ಒಬ್ಬಳು ನನ್ನನ್ನು ಕಂಡಳು. "ಮಿಸ್! ಹ್ಯಾಂಗದೀರಿ?" ನಾನು ತುಟಿ ಬಿಗಿದು ಕೈ ಮುಗಿದೆ. "ಅಯ್ಯೋ ದೇವರ... ನಮ್ಮ ಮಿಸ್‌ಗೆ ಮಾತ ಹೋಗೇತಿ!" ಎಂದು ಅವಳು ಅತ್ತಳು. ಅವಳು ಅಳುತ್ತ ಹೇಳಿದ ಇಂಗ್ಲಿಷ್ ವಾಕ್ಯದಲ್ಲಿ ಮೂರು ಗ್ರಾಮರ್ ತಪ್ಪಿದ್ದವು. ತಿದ್ದಲಿಲ್ಲ. ಇದಕ್ಕಿಂತ ದೊಡ್ಡ ತ್ಯಾಗ ಬೇಕೆ?

ಮಳೆಯಲ್ಲಿ ಕೆಸರು ತುಳಿದು ಆಯಿಯ ಬಾಗಿಲು ಮುಟ್ಟಿದೆ. ಆಕೆ ಕಂಬಕ್ಕೆ ಒರಗಿ ಹೊಳೆಯ ಕಡೆ ನೋಡುತ್ತ ಕೂತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ನಾನು ಗೆದ್ದೆ ಎಂಬ ಹೆಮ್ಮೆಯಿಂದ ಗುಳಿಗೆ ಚಾಚಿ, ಬಾಯಿ ತೆರೆದೆ.

ಮೊದಲ ಮಾತು ಆಕೆಯ ಹೆಸರಾಗಬೇಕು.

ಆಯಿ ಎಂಬುದು ಹೆಸರಲ್ಲ. ನನಗೆ ಆಕೆಯ ಹೆಸರು ಗೊತ್ತಿರಲಿಲ್ಲ. ದವಾಖಾನೆಯಲ್ಲಿ ಬರೆಸಿದ್ದು ಆಶಾ ಹುಡುಗಿ, ಕಾರ್ಡು ಅವಳ ಚೀಲದಲ್ಲಿ. ಐದು ತಿಂಗಳು ನನ್ನ ಕಥೆಯನ್ನೆಲ್ಲ ಸುರಿದಿದ್ದೆನಲ್ಲ, ಒಂದು ದಿನವಾದರೂ ಕೇಳಿದ್ದೆನೇ? ತೆರೆದ ಬಾಯಿ ಮುಚ್ಚಿದೆ. ಕಣ್ಣು ಮಾತ್ರ ಮುಚ್ಚಲಿಲ್ಲ, ಹರಿಯಿತು.

ಆಯಿ ಹತ್ತಿರ ಬಂದು, ನನ್ನ ಒದ್ದೆ ತಲೆಯನ್ನು ಬಗ್ಗಿಸಿ ಕಿವಿಯಲ್ಲಿ ತನ್ನ ಹೆಸರು ಹೇಳಿದಳು. "ನಮ್ಮವ್ವ ಹೋದಿಂದ ಯಾರೂ ಕರದಿಲ್ರಿ ಬಾಯಾರ."

ಗಟ್ಟಿಯಾಗಿ ಕರೆದೆ.

"ಓ..." ಎಂದಳು, ಆಟದ ನಡುವೆ ಮನೆಯಿಂದ ಕರೆ ಕೇಳಿದ ಹುಡುಗಿಯಂತೆ. ಗುಳಿಗೆಗಳನ್ನು ಎದೆಗೆ ಹಿಡಿದು, ಒಮ್ಮೆ ಕೆಮ್ಮಿ, ನುಂಗಿದಳು. ನೀರು ಇಳಿಯುವವರೆಗೆ ಅಲ್ಲೇ ಉಳಿದು ದಿನಾ ಕರೆದು ಕೊಟ್ಟೆ. ಕೋರ್ಸು ಮುಗಿಯಿತು, ಕೆಮ್ಮು ಹೋಯಿತು. ಕೆಂಪು ಸೀರೆ ಈಗಲೂ ಬೆಳಿಗ್ಗೆ ಸೇತುವೆ ದಾಟಿ ಚಹಾಕ್ಕೆ ಬರುತ್ತದೆ.

ಹೆಸರೇನು ಎನ್ನುತ್ತೀರಾ? ಈ ದಂಡೆಯಲ್ಲಿ ಆಕೆ ಆಯಿಯೇ. ಆ ಹೆಸರು ಹಿಡಿದು ಕರೆಯುವುದು ನಾನು ಆಚೆ ದಂಡೆಗೆ ಹೋದಾಗ ಮಾತ್ರ. ಇಲ್ಲಿಗೆ ತರುವ ಧೈರ್ಯ ನನಗಿಲ್ಲ, ನಡುವೆ ಹೊಳೆಯಿದೆ.