ಕೆಂಪಂಚಿನ ಪಂಚೆ

ಹೇಳುವುದಾದರೂ ಹೇಗೆ? 'ಅಮ್ಮ, ಇವತ್ತಿಂದ ಮಗುವಿಗೆ ಬಟ್ಟೆ ಸುತ್ತಬೇಡ' ಎಂದರೆ ಒರಟಾಗುತ್ತದೆಯೇ? 'ಡಾಕ್ಟರು ಹೇಳಿದ್ದಾರೆ' ಎಂದು ಶುರು ಮಾಡಿದರೆ? ಬಾಯಲ್ಲಿ ಬ್ರಷ್ ಇಟ್ಟುಕೊಂಡು ಪುಟ್ಟರಾಜು ಅರ್ಧ ಗಂಟೆಯಿಂದ ಇದನ್ನೇ ಅಗಿಯುತ್ತಿದ್ದ.

ಹೆರಿಗೆ ರಜೆ ಮುಗಿಸಿ ಹೆಂಡತಿ ಅರ್ಪಿತ ಟಿ. ನರಸೀಪುರದ ಸ್ಕೂಲಿಗೆ ಮತ್ತೆ ಪಾಠಕ್ಕೆ ಹೊರಟ ಮೊದಲ ದಿನ ಅದು. ಬೆಳಗಿನ ಬಸ್ಸಿಗೆ ಹೋಗುವ ಮುಂಚೆ ಖಡಾಖಂಡಿತವಾಗಿ ಹೇಳಿದ್ದಳು. "ರೀ, ಮಗು ಮಗುಚ್ಕೊಳ್ತಾ ಇದೆ. ಕೈ ಬಿಗಿದಿದ್ರೆ ಬೋರಲು ಬಿದ್ದಾಗ ತಲೆ ಎತ್ತೋಕಾಗಲ್ಲ, ಉಸಿರು ಕಟ್ತದೆ ಅಂತ ಡಾಕ್ಟರು ಹೇಳಿದ್ದು ನೀವೂ ಕೇಳಿದ್ರಿ. ಅತ್ತೆಗೆ ನೀವೇ ಹೇಳ್ಬೇಕು. ಸಂಜೆ ನಾನು ಬಂದಾಗ ಅದು ಸುತ್ಕೊಂಡೇ ಮಲಗಿದ್ರೆ, ನಾಳೆಯಿಂದ ನಾನೂ ಮಗೂನೂ ನರಸೀಪುರದಲ್ಲಿ ನಮ್ಮಮ್ಮನ ಮನೇಲೇ ಇರ್ತೀವಿ."

ಪುಟ್ಟರಾಜು ಆಫೀಸಿಗೆ ರಜೆ ಹಾಕಿದ್ದ.

ನಂಜನಗೂಡಿನ ಆ ಬೀದಿಯ ಮಕ್ಕಳಿಗೆಲ್ಲ ಎಣ್ಣೆನೀರು ಹಾಕುವವರು ಎದುರುಮನೆ ಚನ್ನಾಜಮ್ಮ. ಅವರು ನಾಲ್ಕೂವರೆ ತಿಂಗಳ ಮಧುಶ್ರೀಗೆ ಸ್ನಾನ ಮಾಡಿಸಿ, ಸಾಂಬ್ರಾಣಿ ಹೊಗೆ ತೋರಿಸಿ ತಂದರು. ಪುಟ್ಟರಾಜುವಿನ ತಾಯಿ ಗುರುಬಸಮ್ಮ ಕೆಂಪಂಚಿನ ಹಳೇ ಪಂಚೆ ಹಾಸಿ ಕೂತಿದ್ದರು. ಪುಟ್ಟರಾಜು ಬಗ್ಗಿ ಅದರ ತುದಿ ಹಿಡಿದ.

"ಸುತ್ತಬೇಡ."

ಮನೆಯ ಕಂಬ ಮಾತಾಡಿತೇನೋ ಎಂಬಂತೆ ಇಬ್ಬರೂ ನೋಡಿದರು.

"ಲೋ ರಾಜು, ಮೂವತ್ತು ವರ್ಷ ಒಗೆದು ಒಗೆದು ಬೆಣ್ಣೆಯಾಗಿರೋ ಬಟ್ಟೆ ಕಣೋ. ಬೇರೆ ಯಾವ್ದು ಸುತ್ತಿದ್ರೂ ಮಗು ಒಲ್ಲೆ ಅಂತದೆ. ನಿನ್ನೂ ಇದರಲ್ಲೇ ಸುತ್ತಿದ್ದು. ನೀನೇನು ಸೊಟ್ಟಗಾದ್ಯಾ?"

"ವಸಿ ಬಿಗಿಯಾಗೇ ಸುತ್ಬುಟ್ಟಿದ್ರಿ ಗುರುಬಸಮ್ಮೋರೆ," ಎಂದರು ಚನ್ನಾಜಮ್ಮ. "ಅದಕ್ಕೇ ಇವನ ಬಾಯಿಂದ ಮಾತೇ ಬರಕ್ಕಿಲ್ಲ."

ಅಷ್ಟರಲ್ಲಿ ಬೀದಿಯಲ್ಲಿ ಪಾತ್ರೆ ಮಾರುವ ಜವರಮ್ಮ ಕೂಗಿದಳು: "ಅಳೇ ಬಟ್ಟೆಗೆ ಪಾತ್ರೇ..."

ಪಂಚೆ ಮನೆಯಲ್ಲಿದ್ದರೆ ತಾನೇ ಸೋಲುವುದು? ಪುಟ್ಟರಾಜು ಪಂಚೆ ಎಳೆದುಕೊಂಡು ಹೊರಗೆ ಹೋದ. ಬರುವಾಗ ಕೈಯಲ್ಲಿ ಒಂದು ಸ್ಟೀಲ್ ಬಟ್ಟಲಿತ್ತು. ಓಟದ ಪಂದ್ಯದಲ್ಲಿ ಗೆದ್ದ ಕಪ್ಪಿನಂತೆ ಅದನ್ನು ತಾಯಿಯ ಮುಂದಿಟ್ಟ.

"ಮುಗೀತು. ಇನ್ನು ನನ್ನ ಮಗಳು ಕೈ ಬೀಸ್ಕೊಂಡು ಮಲಗ್ತಾಳೆ."

ಮಗಳು ಕೈಯನ್ನೇನೋ ಬೀಸಿದಳು, ಮಲಗಲಿಲ್ಲ. ಸರ್ಕಲ್ಲಿನ ಟ್ರಾಫಿಕ್ ಪೊಲೀಸಿನ ಹಾಗೆ ಎರಡೂ ಕೈ ಎತ್ತುವಳು, ಕಣ್ಣು ಮುಚ್ಚುವಳು, ತನ್ನ ಕೈ ತನಗೇ ತಗುಲಿ ಬೆಚ್ಚುವಳು, ಚೀರುವಳು. ಹನ್ನೆರಡಕ್ಕೆ ಪಕ್ಕದ ಮನೆಯವರು ಬಂದರು. ಎರಡಕ್ಕೆ ಪಕ್ಕದ ಬೀದಿಯವರು. ರಿಟೈರ್ಡ್ ಮೇಷ್ಟ್ರು ಶಿವಮಲ್ಲಪ್ಪನವರು ಕುರ್ಚಿ ಹಾಕಿಸಿಕೊಂಡೇ ಕೂತರು.

"ಮಗು ಅಳ್ತಿರೋದು ಕೇಳಿಸ್ತಿದೆಯೇನಪ್ಪ?"

"ಕೇಳಿಸ್ತಿದೆ ಮೇಷ್ಟ್ರೇ. ಸುತ್ತಲ್ಲ."

"ಸೀರೆ ಚೂರಾದ್ರೂ?"

"ಚೂರೂ ಇಲ್ಲ."

ಮೂರು ಗಂಟೆಗೆ ಮಗುವಿನ ಗಂಟಲು ಕಟ್ಟಿತು. ಪುಟ್ಟರಾಜು ಎದ್ದ. ಯಾರ ಮುಖವನ್ನೂ ನೋಡದೆ, ಬಟ್ಟಲನ್ನು ಶರ್ಟಿನೊಳಗೆ ತೂರಿಸಿಕೊಂಡು ಮನೆಯಿಂದ ಹೊರಬಿದ್ದ.

ಬಸ್ ಸ್ಟ್ಯಾಂಡಿನಲ್ಲಿ ಜವರಮ್ಮ ಹುಲ್ಲಹಳ್ಳಿ ಬಸ್ಸಿಗೆ ಕಾಯುತ್ತಿದ್ದಳು. ಅವನು ಬಟ್ಟಲು ಚಾಚಿದ.

"ಕೊಟ್ಟ ಪಾತ್ರೆ ಈಸ್ಕೊಳಕ್ಕಿಲ್ಲ ಸಾ."

"ಹಾಗಾದ್ರೆ ಏನು ಕೊಟ್ರೆ ಪಂಚೆ ಕೊಡ್ತೀಯ?"

ಜವರಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಬಟ್ಟೆಗೆ ಬಟ್ಟೆ."

ಮಗುವಿನ ನಾಮಕರಣಕ್ಕೆ ಮಾವ ಹೊಲಿಸಿಕೊಟ್ಟ, ಅವನು ತೊಟ್ಟಿದ್ದ ಶರ್ಟು ಅವಳ ಗಂಟಿಗೆ ಸೇರಿತು. ಪಂಚೆಯನ್ನು ಕೈಯಲ್ಲಿ ಹಿಡಿದರೆ ಬೀದಿಯೆಲ್ಲ ನೋಡುತ್ತದೆ. ಅವನು ಅದನ್ನು ಬನಿಯನ್ನಿನೊಳಗೆ ಹೊಟ್ಟೆಯ ಸುತ್ತ ನಾಲ್ಕು ಸುತ್ತು ಬಿಗಿದುಕೊಂಡ.

ಮನೆಗೆ ಬಂದರೆ ಸದ್ದೇ ಇಲ್ಲ. ಚಾಪೆಯ ಮೇಲೆ ಮಧುಶ್ರೀ ಅಂಗಾತ ಮಲಗಿದ್ದಳು, ಎರಡೂ ಕೈ ಚೆಲ್ಲಿ, ಬಾಯಿ ತೆರೆದು. ಮೈಮೇಲೆ ನೂಲೆಳೆಯಷ್ಟೂ ಸುತ್ತಿರಲಿಲ್ಲ.

"ನೀನು ಎದ್ದು ಹೋದ್ಯಲ್ಲ," ಗುರುಬಸಮ್ಮ ಪಿಸುಗುಟ್ಟಿದರು, "ನೋಡೋಕೇನೂ ಉಳೀಲಿಲ್ಲ ಅಂತ ಎಲ್ಲಾರೂ ಹೋದ್ರು. ನಾನು ಎದೆ ಮೇಲೆ ಒಂದು ಕೈ ಇಟ್ಟೆ, ಅಷ್ಟೇ. ಮಲಗ್ತು. ನಿನ್ನ ಮಾತೇ ಗೆಲ್ತು ಬಿಡು."

ಅಷ್ಟರಲ್ಲಿ ಚನ್ನಾಜಮ್ಮ ಮತ್ತೆ ಬಂದರು. ಹಿಂದೆಯೇ ಮೇಷ್ಟ್ರು. ಪುಟ್ಟರಾಜು ಬಚ್ಚಲಿಗೆ ಹೋಗಲು ಎರಡು ಸಲ ಎದ್ದ. ಎರಡು ಸಲವೂ ಮೇಷ್ಟ್ರು ಕೈ ಹಿಡಿದು ಕೂರಿಸಿದರು. ಐದೂವರೆಗೆ ಅರ್ಪಿತ ಬಂದು ಬಾಗಿಲಲ್ಲೇ ನಿಂತಳು.

"ಒಂದು ಹೆಜ್ಜೆ ಹಿಂದಕ್ಕೆ ಇಡಲಿಲ್ಲ ಕಣವ್ವ ನಿನ್ ಗಂಡ," ಎಂದರು ಚನ್ನಾಜಮ್ಮ. "ಮಗು ಅತ್ರೂ ತಿರುಗಿ ನೋಡ್ದೆ ಎದ್ದೋದ. ನನ್ ಮೊಮ್ಮಗೂಗೂ ಬಟ್ಟೆ ಸುತ್ತೋದ ನಾಳೆ ಇವನೇ ಬಿಡಿಸ್ಲಿ."

ಅರ್ಪಿತಳ ಕಣ್ಣು ತುಂಬಿತು. "ಶರ್ಟೆಲ್ರೀ? ಯಾಕೆ ಹಂಗೆ ಉಸಿರು ಬಿಗಿ ಹಿಡ್ಕೊಂಡಿದ್ದೀರಾ?"

ಕಾಫಿ ಕೊಡಲು ಬಗ್ಗಿದ ಗುರುಬಸಮ್ಮ, ಮಗನ ಬನಿಯನ್ನಿನ ಕೆಳಗೆ ಇಣುಕುತ್ತಿದ್ದ ಕೆಂಪಂಚನ್ನು ಕಂಡರು. ಬೆರಳ ತುದಿಯಿಂದ ಅದನ್ನು ಒಳಕ್ಕೆ ತೂರಿಸಿ, "ಸೆಕೆ ಅಲ್ವೇನವ್ವ, ಬಿಚ್ಚಿರ್ತಾನೆ," ಎಂದರು.

ತಾನು ಎದ್ದು ಹೋಗಿದ್ದು ಪಂಚೆ ವಾಪಸ್ ತರಲು ಎಂದು ಪುಟ್ಟರಾಜು ಹೆಂಡತಿಗೆ ಯಾವತ್ತೂ ಹೇಳಲಿಲ್ಲ.